ಖಾಲಿ ಡಬ್ಬಿಯ ಟೋನು

ಇದು ಸತ್ಯಕಥೆ. ಹೀಗೆ ಶುರು ಮಾಡುವವರನ್ನು ಯಾರೂ ನಂಬುವುದಿಲ್ಲವೆಂಬುದು ನನಗೂ ಗೊತ್ತು. ಅದರಲ್ಲೂ ನನ್ನ ಕೆಲಸ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ‘ಇನ್ನು ಐದೇ ನಿಮಿಷದಲ್ಲಿ ಹೊರಡಲಿದೆ’ ಎಂದು ದಿನಕ್ಕೆ ನೂರು ಸಲ ಹೇಳುವುದು. ಆ ಐದು ನಿಮಿಷ ಎಷ್ಟು ಉದ್ದವೆಂದು ಕಾದವರಿಗೇ ಗೊತ್ತು. ಆದರೂ ಈ ಸಲ ನಂಬಿ. ಈ ಕಥೆಯಲ್ಲಿ ಮಂಗ ಆದವರ ಪಟ್ಟಿಯಲ್ಲಿ ಮೊದಲನೆಯವನು ನಾನೇ. ಸುಳ್ಳು ಕಟ್ಟುವುದಾಗಿದ್ದರೆ ಮೊದಲು ಅದನ್ನೇ ತಿದ್ದುತ್ತಿದ್ದೆ.

ನಮ್ಮ ಭಾವನದು, ಅಂದರೆ ಅಕ್ಕನ ಗಂಡನದು, ಕನ್ನಡಕದಂಗಡಿ. ವಾರದಲ್ಲಿ ಆರು ದಿನ ಊರವರ ಕಣ್ಣು, ಏಳನೆಯ ದಿನ ತಮ್ಮ ಕಿವಿ, ಇದು ಅವರ ಟೈಂಟೇಬಲ್ಲು. ಭಾನುವಾರ ಬೆಳಿಗ್ಗೆ ಶಟರನ್ನು ಅರ್ಧಕ್ಕೆ ಇಳಿಸಿ, ಕಣ್ಣು ಪರೀಕ್ಷೆಯ ಹಿಂದಿನ ಕೋಣೆಯಲ್ಲಿ ನಾವು ನಾಲ್ಕು ಜನ ಎಲೆಕ್ಟ್ರಿಕ್ ಗಿಟಾರ್ ಹುಚ್ಚರು ಸೇರುತ್ತೇವೆ. ಗೋಡೆಯ ಮೇಲೆ, ಕೆಳಕ್ಕೆ ಬಂದ ಹಾಗೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಪಟ. ಅದರ ಕೆಳಗೆ ಭಾವನ ಹಳೆಯ ವಾಲ್ವ್ ಆಂಪ್, ಅಂದರೆ ಗಿಟಾರಿನ ದನಿ ದೊಡ್ಡದು ಮಾಡುವ ಪೆಟ್ಟಿಗೆ. ಅದರೊಳಗಿನ ಗಾಜಿನ ವಾಲ್ವುಗಳು ಕಾಯಲು ಹೊತ್ತು ಬೇಕು, ಕಾದ ಮೇಲೆ ನೆತ್ತಿಯ ಮೇಲೆ ಕೈ ಇಡಲಾಗುವುದಿಲ್ಲ. ಅದಕ್ಕೇ ನಾನು ಅದಕ್ಕಿಟ್ಟ ಹೆಸರು ಹಂಡೆ. ಸುತ್ತಲಿನ ಕಪಾಟುಗಳಿಂದ ನೂರಾರು ಖಾಲಿ ಫ್ರೇಮುಗಳು ನಮ್ಮನ್ನೇ ದುರುಗುಟ್ಟಿ ನೋಡುತ್ತಿರುತ್ತವೆ. ಅಷ್ಟು ಜನ ಪ್ರೇಕ್ಷಕರು ನಮಗೆ ಬೇರೆಲ್ಲೂ ಸಿಕ್ಕಿಲ್ಲ.

ನಾಲ್ವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ದಿನವಿಡೀ ಡ್ರಿಲ್ ಹಿಡಿದವರು ಭಾನುವಾರವೂ ಅದೇ ಶಬ್ದ ಬೇಕೆನ್ನುತ್ತಾರೆ. ಅವರ ಮುಂದೆ ನೆಲದ ಮೇಲೆ ಹನ್ನೊಂದು ಪೆಡಲುಗಳು, ಕಾಲಲ್ಲಿ ಒತ್ತಿದರೆ ಗಿಟಾರಿನ ದನಿ ಬದಲಿಸುವ ಡಬ್ಬಿಗಳು, ಹಲ್ಲಿನ ಸೆಟ್ಟಿನ ಹಾಗೆ ಸಾಲಾಗಿ ಕೂತಿರುತ್ತವೆ. ಇನ್ನೊಬ್ಬರು ಹೈಸ್ಕೂಲಿನ ಗಣಿತದ ಮಿಸ್. ಅಳತೆ ಇಲ್ಲದ ಮಾತನ್ನು ಅವರು ಮಾತೆಂದೇ ಒಪ್ಪುವುದಿಲ್ಲ. ಮೂರನೆಯವನು ನಾನು, ಗಿಟಾರಿಗಿಂತ ಮಿಮಿಕ್ರಿಯಲ್ಲಿ ಕೈ ಪಳಗಿದವನು. ನಾಲ್ಕನೆಯವರು ಭಾವ. ಭಾವ ನಮ್ಮ ಕಿವಿ. ಟೋನು ಎಂಬ ವಿಷಯದಲ್ಲಿ ಅವರು ಹೇಳಿದ್ದೇ ತೀರ್ಪು.

“ಡಾಕ್ಟ್ರೇ, ಮೂರನೇ ಪೆಡಲ್ ಆಫ್ ಮಾಡಿ. ದನಿ ಮೇಲೆ ಮರಳು ಕೂತಿದೆ.”

“ಮರಳಲ್ಲ ಸಾರ್, ಅದು ಡಿಸ್ಟಾರ್ಷನ್. ಬೇಕೂಂತಲೇ ಹಾಕಿದ್ದು.”

“ಬೇಕೂಂತ ಯಾರಾದ್ರೂ ಕಣ್ಣಿಗೆ ಮರಳು ಹಾಕ್ಕೋತಾರಾ? ಈಗ ನೋಡಿ. ಇದಾ? ಅದಾ?”

‘ಇದಾ, ಅದಾ’ ಎನ್ನುವುದು ಅವರ ಕಸುಬಿನ ಮಾತು. ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಇಟ್ಟು, ‘ಇದು ಚೆನ್ನಾಗಿದೆಯಾ? ಅದಾ?’ ಎಂದು ಕೇಳುವ ಅದೇ ತಾಳ್ಮೆ, ಅದೇ ಧಾಟಿ. ಆ ಧಾಟಿಯನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತೇನೆಂದರೆ ಒಮ್ಮೆ ಅಕ್ಕನೇ ಅಡುಗೆಮನೆಯಿಂದ “ಎರಡೂ ಬೇಡ, ಊಟಕ್ಕೆ ಬನ್ನಿ” ಅಂದಿದ್ದಳು.

ಒಂದು ಭಾನುವಾರ ಭಾವ ಡಾಕ್ಟರ ಪೆಡಲಿಗೆ ಕಿವಿಗೊಟ್ಟು, “ಇದರ ಬ್ಯಾಟರಿ ಮುಗೀತಾ ಬಂದಿದೆ” ಅಂದರು. ತೆಗೆದು ನೋಡಿದರೆ ನಿಜ. ಮಿಸ್ ಒಪ್ಪಲಿಲ್ಲ.

“ಆಕಸ್ಮಿಕ. ಹೇಳಿದ್ದರಲ್ಲಿ ಎರಡಕ್ಕೊಂದು ಸರಿಯಾಗೇ ಆಗತ್ತೆ. ನಾಣ್ಯ ಚಿಮ್ಮಿದ್ರೂ ಅಷ್ಟೇ.”

“ಮಿಸ್, ನನ್ನ ಕಿವೀನ ನಾಣ್ಯ ಅಂದ್ರಾ?”

“ಪರೀಕ್ಷೆ ಆಗೋ ತನಕ ನಾಣ್ಯವೇ ಸಾರ್.”

ಮಿಸ್ಸು ಅಂದದ್ದು ಇಷ್ಟೇ. ಉಳಿದದ್ದೆಲ್ಲ ನನ್ನ ತಲೆಹರಟೆ. ಒಳಗೆ ಏನೂ ಇಲ್ಲದ ಒಂದು ಪೆಡಲ್ ಮಾಡಿ ಭಾವನ ಮುಂದಿಡುವುದು. ಅದರ ಟೋನನ್ನು ಅವರು ವರ್ಣಿಸಿದ ಮೇಲೆ ಮುಚ್ಚಳ ತೆಗೆದು ತೋರಿಸುವುದು. ಕಿವಿಯ ಮೇಲೆ ಹೂ ಇಡುವುದೆಂದರೆ ಇದೇ ತಾನೆ. ಡಾಕ್ಟರು ಕುಣಿದರು. ಮಿಸ್ಸು “ಇದನ್ನ ಪ್ರಯೋಗ ಅಂತ ಕರೆಯೋದಾದ್ರೆ ನಾನೂ ಇದೀನಿ” ಅಂದರು.

ಇಲ್ಲಿ, ನನಗೆ ಆಗ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮಗೆ ಹೇಳಿಬಿಡಬೇಕು. ಅದೇ ವಾರದ ಮಂಗಳವಾರ ಭಾವ ಯಾರಿಗೂ ಹೇಳದೆ ಕಿವಿ ಪರೀಕ್ಷೆಗೆ ಹೋಗಿದ್ದರು. ಹೆಡ್‌ಫೋನ್ ಹಾಕಿ ಗಾಜಿನ ಗೂಡಿನಲ್ಲಿ ಕೂರಿಸಿ, ‘ಕೇಳಿಸಿದಾಗ ಗುಂಡಿ ಒತ್ತಿ’ ಅಂದಿದ್ದರಂತೆ. ಕೊನೆಕೊನೆಗೆ ಹೊರಗಿನ ಹುಡುಗಿ ಏನೋ ತಿರುಗಿಸುವುದು ಗಾಜಿನಾಚೆ ಕಾಣುತ್ತಿತ್ತು, ಕಿವಿಯಲ್ಲಿ ಮಾತ್ರ ನಿಶ್ಶಬ್ದ. ರಿಪೋರ್ಟಿನ ಗೆರೆ ನೆಟ್ಟಗೆ ಹೋಗಿ, ತುದಿಯಲ್ಲಿ ಮೆಟ್ಟಿಲು ಜಾರಿದಂತೆ ಕೆಳಗೆ ಬಿದ್ದಿತ್ತು. ವೈದ್ಯರು “ವಯಸ್ಸಿಗೆ ಸಹಜ” ಅಂದರು. ಭಾವನಿಗೆ ಅದು ‘ಮುಗೀತು’ ಅಂತ ಕೇಳಿಸಿತು. ಮನೆಗೆ ಬಂದು ಅಕ್ಕನ ಹತ್ತಿರ ಮಾತ್ರ ಹೇಳಿದರು:

“ಈ ಭಾನುವಾರ ಒಂದು ನೋಡ್ತೀನಿ. ಕಿವಿ ಕೈಕೊಟ್ಟಿದೆ ಅಂತ ನನಗೇ ಖಾತ್ರಿಯಾದ್ರೆ, ಆಂಪು, ಗಿಟಾರು ಎರಡನ್ನೂ ಸಂಗೀತ ಶಾಲೆಗೆ ಕೊಟ್ಬಿಡ್ತೀನಿ. ಕೇಳಿಸದವನು ಬಾರಿಸಬಾರದು ಕಣೇ.”

ಆ ‘ಒಂದು ನೋಡ್ತೀನಿ’ಗೆ ನಾನು ತಯಾರು ಮಾಡಿದ ಪ್ರಶ್ನೆಪತ್ರಿಕೆಯೇ ಖಾಲಿ ಡಬ್ಬಿ.

ಡಬ್ಬಿಗೆ ಬೇಕಾದ ಸಾಮಾನನ್ನು ಭಾವನ ಅಂಗಡಿಯಿಂದಲೇ ಎತ್ತಿದೆ. ಮುರಿದ ಕನ್ನಡಕದ ಕಾಲುಗಳನ್ನು ಹಾಕಿಡುವ ಕೆಳಗಿನ ಡ್ರಾಯರಿನಲ್ಲಿ ಅವರ ಮೊದಲ ಗಿಟಾರಿನ ಅಸ್ಥಿಗಳೂ ಇದ್ದವು. ಕುತ್ತಿಗೆ ಮುರಿದು ಸತ್ತ ಆ ಗಿಟಾರಿನ ಒಂದು ನಾಬ್ ತುಕ್ಕು ಹಿಡಿದು ಕಾಲು ಸುತ್ತಿನಷ್ಟೇ ತಿರುಗುತ್ತಿತ್ತು. ಅದರ ಹಿಂಬದಿಗೆ ಬೇಳೆಕಾಳಿನಷ್ಟು ಕಿತ್ತಳೆ ಬಣ್ಣದ ಬಿಲ್ಲೆಯೊಂದು ಅಂಟಿಕೊಂಡಿತ್ತು. ಇರಲಿ, ಅಲಂಕಾರಕ್ಕಾಯಿತು ಅಂದುಕೊಂಡೆ. ಒಂದು ಲೋಹದ ಡಬ್ಬಿ, ಅದರ ಮೇಲೆ ಈ ನಾಬ್. ಗಿಟಾರಿನ ಕೇಬಲ್ ಚುಚ್ಚಲು ಒಂದು ತೂತು, ಆಂಪಿನ ಕೇಬಲ್ಲಿಗೆ ಇನ್ನೊಂದು, ನಡುವೆ ಒಂದೇ ಒಂದು ತಂತಿ. ಬಂದ ಶಬ್ದ ಬಂದ ಹಾಗೇ ಹೋಗಬೇಕು. ಕಾಲಲ್ಲಿ ಒತ್ತುವ ಸ್ವಿಚ್ಚಿಗೆ ಬ್ಯಾಟರಿ ಮತ್ತು ಕೆಂಪು ದೀಪ ಮಾತ್ರ. ತೂಕಕ್ಕೆ ಒಂದು ಕಲ್ಲು. ಒಳಗಿನ ತಂತಿ ಉದ್ದವಾಗಿ ಲೊಡಲೊಡ ಅನ್ನುತ್ತಿದ್ದುದರಿಂದ ಅದನ್ನು ಆ ಹಳೇ ನಾಬಿನ ಒಂದು ಕಾಲಿಗೆ ಸುತ್ತಿ, ಮೇಲೆ ಒಂದು ಹನಿ ಬೆಸುಗೆ ಬಿಟ್ಟೆ. ಗೂಟಕ್ಕೆ ಹಗ್ಗ ಕಟ್ಟಿದ ಹಾಗೆ.

ಶನಿವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಭಾವನಿಗೆ ಫೋನು ಮಾಡಿದೆ. ಎಪ್ಪತ್ತೈದರ ಮುದುಕನ ದನಿ, ಪ್ರತಿ ವಾಕ್ಯದ ಕೊನೆಗೆ ಒಂದು ಸಣ್ಣ ಕೆಮ್ಮು.

“ನಿಮ್ಮ ಭಾವಮೈದುನನ ಕೈಲಿ ಒಂದು ಪೆಡಲ್ ಕಳಿಸಿದೀನಿ. ಕೈಯಾರೆ ಮಾಡಿದ್ದು. ಜೀವಮಾನದಲ್ಲಿ ಒಟ್ಟು ಏಳೇ ಮಾಡಿದ್ದು. ಖಕ್. ನಿಮ್ಮ ಕಿವಿ ಬಗ್ಗೆ ಕೇಳಿದೀನಿ, ಅದಕ್ಕೇ ನಿಮ್ಮ ಅಭಿಪ್ರಾಯ ಬೇಕು. ಖಕ್.”

ಭಾವ ಕೇಳಿದರು: “ಯಜಮಾನ್ರೇ, ಏಳಕ್ಕೇ ಯಾಕೆ ನಿಲ್ಲಿಸಿದ್ರಿ?”

ನಾನು ಯೋಚಿಸಲಿಲ್ಲ. ಪಾತ್ರದೊಳಗೆ ಇಳಿದವನಿಗೆ ಯೋಚನೆ ಎಲ್ಲಿಂದ ಬರಬೇಕು? ಬಾಯಿಗೆ ಬಂದದ್ದನ್ನು ಭಾರವಾಗಿ ಅಂದುಬಿಟ್ಟೆ: “ಕಿವಿ ಹೋಯಿತಪ್ಪ. ಕಿವಿ ಹೋದ ದಿನ ಡಬ್ಬಿ ಮುಚ್ಚಿದೆ. ಕೇಳಿಸದ ಮೇಲೂ ಕೇಳಿಸತ್ತೆ ಅಂತ ನಟಿಸೋಕೆ ನಾಚಿಕೆ ಆಯ್ತು. ಖಕ್.”

“ಒಳ್ಳೇ ಮಾತು ಹೇಳಿದ್ರಿ,” ಅಂದರು ಭಾವ. ಫೋನಿಟ್ಟ ಮೇಲೆ ನಾನು ಹತ್ತು ನಿಮಿಷ ನಕ್ಕೆ.

ಭಾನುವಾರ. ಹಂಡೆ ಕಾದಿತ್ತು. ಭಾವ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತೂಗಿ ನೋಡಿದರು.

“ಭಾರ ಇದೆ. ಒಳ್ಳೇ ಕೆಲಸ.”

ಡಾಕ್ಟರು ಕೆಮ್ಮಿದರು. ಅದು ನಗು ನುಂಗಿದ ಕೆಮ್ಮು. ಮಿಸ್ಸು ಪುಸ್ತಕ ತೆರೆದು ಪೆನ್ನು ಹಿಡಿದರು. ಭಾವ ಕೇಬಲ್ ಚುಚ್ಚಿ, ಕಣ್ಣು ಮುಚ್ಚಿ, ಒಂದೇ ಮಟ್ಟನ್ನು ಮತ್ತೆ ಮತ್ತೆ ಮೀಟಿದರು. ಸ್ವಿಚ್ ಒತ್ತಿದರು. ಕೆಂಪು ದೀಪ ಹತ್ತಿತು. ಮತ್ತೆ ಒತ್ತಿದರು, ಆರಿತು. ನಾಲ್ಕೈದು ಸಲ. ಹಣೆ ಗಂಟಿಕ್ಕಿತು.

“ಈ ಸ್ವಿಚ್ ಏನೂ ಮಾಡ್ತಿಲ್ಲವಲ್ಲೋ. ಒತ್ತಿದ್ರೂ ಒಂದೇ, ಬಿಟ್ರೂ ಒಂದೇ.”

ಆಟ ಶುರುವಾಗುವ ಮೊದಲೇ ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ಅವರ ಬೆರಳು ನಾಬಿನ ಮೇಲೆ ಹೋಯಿತು. ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ. ಮುಖದ ಮೇಲೆ ನಿಧಾನವಾಗಿ ಬೆಳಕು ಮೂಡಿತು.

“ಆಹಾ. ಸ್ವಿಚ್ ಕೆಟ್ಟಿದ್ರೂ ನಾಬ್ ಕೆಲಸ ಮಾಡತ್ತೆ. ಕೇಳಿ, ಈ ಕಡೆ ತಿರುಗಿಸಿದ್ರೆ ದನಿ ಮೇಲೆ ತೆಳ್ಳಗೆ ಒಂದು ದುಪ್ಪಟಿ ಹೊದಿಸಿದ ಹಾಗೆ. ಆ ಕಡೆ ತಿರುಗಿಸಿದ್ರೆ ಪೊರೆ ತೆಗೆದ ಕಣ್ಣಿನ ಹಾಗೆ ತಿಳಿ. ಇದಾ... ಅದಾ... ಕೇಳಿಸ್ತಾ?”

“ಅಬ್ಬಾ, ಏನು ದುಪ್ಪಟಿ ಸಾರ್!” ಅಂದರು ಡಾಕ್ಟರು. ಅವರ ಕಿವಿ ಕೆಂಪಾಗಿತ್ತು.

“ಸ್ಪಷ್ಟವಾಗಿ ಕೇಳಿಸ್ತಿದೆ ಭಾವ,” ಅಂದೆ ನಾನು. ನನಗೆ ಏನೆಂದರೆ ಏನೂ ಕೇಳಿಸುತ್ತಿರಲಿಲ್ಲ. ಹೇಗೆ ಕೇಳಿಸೀತು? ಒಳಗೆ ಏನೂ ಇಲ್ಲವೆಂದು ಗೊತ್ತಿದ್ದವನು ನಾನು.

“ಈ ದನೀನ ಎಲ್ಲೋ ಕೇಳಿದೀನಿ ಕಣೋ,” ಭಾವ ತಮಗೆ ತಾವೇ ಅಂದುಕೊಂಡರು. “ಎಷ್ಟೋ ವರ್ಷದ ಹಿಂದೆ. ಹಳೇ ಗೆಳೆಯ ಹಿಂದಿನಿಂದ ಬಂದು ಕಣ್ಣು ಮುಚ್ಚಿದ ಹಾಗಿದೆ.” ಆಮೇಲೆ ನಮ್ಮ ಕಡೆ ತಿರುಗಿ ನಕ್ಕರು. ಅಂಥ ನಗುವನ್ನು ನಾನು ಅವರ ಮುಖದಲ್ಲಿ ಆ ವಾರವಿಡೀ ಕಂಡಿರಲಿಲ್ಲ. ಪರೀಕ್ಷೆ ಪಾಸಾದ ಹುಡುಗನ ನಗು. ಯಾವ ಪರೀಕ್ಷೆ ಎಂದು ನನಗೇನು ಗೊತ್ತು?

ಡಾಕ್ಟರಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ಕುಸಿದು ಕೂತರು. ಮಿಸ್ಸಿನ ಪೆನ್ನು ನೆಲಕ್ಕೆ ಬಿತ್ತು. ನಾನು ಕನ್ನಡಕದ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು, ಜಾದೂಗಾರನ ಠೀವಿಯಿಂದ ನಾಲ್ಕು ತಿರುಪು ಬಿಚ್ಚಿ, ಮುಚ್ಚಳ ಎತ್ತಿ ಭಾವನ ಮುಂದೆ ಹಿಡಿದೆ. ಕಲ್ಲು ಟಣ್ಣೆಂದು ನೆಲಕ್ಕುರುಳಿತು.

“ನೋಡಿ ಭಾವ, ನಿಮ್ಮ ದುಪ್ಪಟಿ! ಒಂದು ತಂತಿ, ಒಂದು ದೀಪ, ಒಂದು ಕಲ್ಲು. ಟೋನು ಕಲ್ಲಿನದ್ದಾ, ದೀಪದ್ದಾ? ಇದಾ? ಅದಾ?”

ಭಾವ ಡಬ್ಬಿಯೊಳಗೆ ನೋಡಿದರು. ನಾನು ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಗುಳಕ್ಕೆ ನನ್ನಲ್ಲಿ ಉತ್ತರವೂ ತಯಾರಿತ್ತು. ಅವರು ಬೈಯಲಿಲ್ಲ. ಮುಖದ ಬಣ್ಣ ಮೇಲಿನಿಂದ ಕೆಳಕ್ಕೆ ಇಳಿದುಹೋಯಿತು, ಯಾರೋ ಪರದೆ ಎಳೆದ ಹಾಗೆ. ನಮ್ಮ ನಗು ಒಂದೊಂದಾಗಿ ಆರಿತು. ಮೊದಲು ಮಿಸ್ಸಿನದು, ಆಮೇಲೆ ನನ್ನದು, ಕೊನೆಗೆ, ಯಾರೂ ನಗುತ್ತಿಲ್ಲವೆಂದು ಗೊತ್ತಾದ ಮೇಲೆ, ಡಾಕ್ಟರದು.

“ಒಳಗೆ ಏನೂ ಇಲ್ಲ ಅಲ್ವಾ?” ಅಂದರು ಭಾವ, ಬಹಳ ಮೆತ್ತಗೆ.

“ಏನೂ ಇಲ್ಲ ಭಾವ. ತಮಾಷೆಗೆ...”

“ಆದ್ರೂ ನನಗೆ ಕೇಳಿಸ್ತು.”

ಅವರು ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಎರಡು ಕೊಂಡಿ ಹಾಕಿದರು. ಹಂಡೆಯ ಸ್ವಿಚ್ ಆರಿಸಿ, ಬಿಸಿಯಿದ್ದರೂ ಅದರ ನೆತ್ತಿಯ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತರು. “ಆ ಯಜಮಾನ್ರು ಹೇಳಿದ್ದು ಸರಿ. ನಾಚಿಕೆ ಆಗತ್ತೆ.”

“ಯಾವ ಯಜಮಾನ್ರು ಭಾವ? ಅದು ನಾನೇ! ಖಕ್! ನೋಡಿ, ಖಕ್!”

“ನೀನೇ ಆಗಿರಲಿ ಬಿಡಪ್ಪ. ಮಾತು ಸರಿಯಾಗಿತ್ತು.”

ಅರ್ಧ ಇಳಿಸಿದ ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದರು. ಆರಿದ ಹಂಡೆಯ ಒಳಗೆ ತಣಿಯುತ್ತಿರುವ ಗಾಜು ಟಿಕ್, ಟಿಕ್ ಅನ್ನುತ್ತಿತ್ತು.

ಅಂಗಡಿಯ ಮೇಲೆಯೇ ಮನೆ. ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲಲ್ಲೇ ಅಕ್ಕ.

“ಏನು ಮಾಡಿದ್ಯೋ ಅವರಿಗೆ?”

“ಒಂದು ತಮಾಷೆ...”

“ತಮಾಷೆನಾ? ಬಂದವರೇ ಸಂಗೀತ ಶಾಲೆಗೆ ಫೋನ್ ಮಾಡಿದ್ರು. ನಾಳೆ ಹನ್ನೊಂದಕ್ಕೆ ವ್ಯಾನ್ ಬರತ್ತಂತೆ, ಆಂಪು, ಗಿಟಾರು ಎರಡನ್ನೂ ಒಯ್ಯೋಕೆ. ಆಮೇಲೆ ಎದ್ದು ವಾಕಿಂಗ್ ಅಂತ ಹೊರಟ್ರು. ಈ ಬಿಸಿಲಲ್ಲಿ ಯಾರಾದ್ರೂ ವಾಕಿಂಗ್ ಹೋಗ್ತಾರೇನೋ?” ಅಂದು, ಕಪಾಟಿನಿಂದ ಕಿವಿಯ ರಿಪೋರ್ಟ್ ತೆಗೆದು ನನ್ನ ಕೈಗಿಟ್ಟಳು. ಮಂಗಳವಾರದ್ದು, ಗಾಜಿನ ಗೂಡಿನದ್ದು, ‘ಒಂದು ನೋಡ್ತೀನಿ’ ಅಂದದ್ದು, ಎಲ್ಲ ಹೇಳಿದಳು. ನಾನು ಜಾರಿದ ಆ ಗೆರೆಯನ್ನು ನೋಡುತ್ತ ಚಪ್ಪಲಿ ಬಿಡುವ ಜಾಗದಲ್ಲೇ ಕೂತುಬಿಟ್ಟೆ.

ಒಳಗಿನಿಂದ ಅತ್ತೆ ಬಂದರು. ಭಾವನ ತಾಯಿ. ಮೂವತ್ತೊಂದು ವರ್ಷ ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವರು. ಈಗಲೂ ಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಕ್ಕದ ಮನೆಯವರ ಕರೆಗಂಟೆ, ಏನು ಕೆಟ್ಟರೂ ಅವರದೇ ಕೈ. ನನ್ನ ಪಕ್ಕದಲ್ಲಿದ್ದ ಡಬ್ಬಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು.

“ಈ ಬೆಸುಗೆ ಯಾರದು?”

“ನಂದೇ ಅತ್ತೆ.”

“ಮೂಗು ಸುರಿಸಿದ ಹಾಗಿದೆ. ನಮ್ಮ ಸೂಪರ್‌ವೈಸರ್ ನೋಡಿದ್ರೆ ಅವತ್ತೇ ಗೇಟಿನಿಂದಾಚೆ ಬಿಡ್ತಿದ್ದ. ಇದಾ ನಿನ್ನ ತಮಾಷೆ?”

“ಹೂಂ. ಒಳಗೆ ಏನೂ ಇಲ್ಲ. ಒಂದು ತಂತಿ ಅಷ್ಟೇ.”

ಅತ್ತೆ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟವನ್ನು ನಾನು ಮಿಮಿಕ್ರಿ ಮಾಡಲಾರೆ.

“ಕಾಲೇಜು ಓದಿದೀಯಲ್ವಾ ನೀನು?”

“ಹೌದತ್ತೆ.”

“ಹಾಗಾದ್ರೆ ಇದೇನು?” ಉಗುರಿನ ತುದಿಯಿಂದ ಕಿತ್ತಳೆ ಬಿಲ್ಲೆಯನ್ನು ಮುಟ್ಟಿದರು.

“ಅದು... ಹಳೇ ನಾಬಿಗೆ ಅಂಟಿಕೊಂಡಿತ್ತು.”

“ಅಂಟಿಕೊಂಡಿರೋಕೆ ಅದೇನು ಜಿಗಣೆನಾ? ಕೆಪಾಸಿಟರ್ ಕಣಪ್ಪ ಅದು! ನಿನ್ನ ತಂತೀನ ತಗೊಂಡು ಹೋಗಿ ಆ ನಾಬಿನ ಕಾಲಿಗೇ ಬೆಸೆದಿದೀಯ. ನಾಬಿನಿಂದ ಬಿಲ್ಲೆಗೆ, ಬಿಲ್ಲೆಯಿಂದ ಡಬ್ಬಿಗೆ ದಾರಿ ಆಯ್ತು. ಗಿಟಾರಿಂದ ಬರೋ ಚೂಪು ಶಬ್ದ ಎಲ್ಲ ಆ ದಾರೀಲಿ ಸೋರಿ ಹೋಗತ್ತೆ. ಎಷ್ಟು ಸೋರಬೇಕು ಅಂತ ಈ ನಾಬ್ ಹೇಳತ್ತೆ, ನಲ್ಲಿ ತಿರುಗಿಸಿದ ಹಾಗೆ. ಇದು ಅವನ ಮೊದಲನೇ ಗಿಟಾರಿನ ಟೋನ್ ನಾಬ್. ಈ ಬಿಲ್ಲೆ ಹಾಕಿಕೊಟ್ಟವಳೇ ನಾನು.”

ನಾನು ಅತ್ತೆಯ ಮುಖ ನೋಡಿದೆ, ಡಬ್ಬಿ ನೋಡಿದೆ, ಮತ್ತೆ ಅತ್ತೆಯ ಮುಖ ನೋಡಿದೆ. ‘ದುಪ್ಪಟಿ ಹೊದಿಸಿದ ಹಾಗೆ.’ ‘ಎಲ್ಲೋ ಕೇಳಿದೀನಿ ಕಣೋ.’ ‘ಸ್ವಿಚ್ ಏನೂ ಮಾಡ್ತಿಲ್ಲ, ನಾಬ್ ಕೆಲಸ ಮಾಡತ್ತೆ.’ ಅಯ್ಯೋ ದೇವರೇ. ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು! ತಪ್ಪಿದ್ದು ನಮ್ಮ ಮೂವರ ಆರು ಕಿವಿ.

ಸಂಜೆ ಭಾವ ಮನೆಗೆ ಬಂದ ತಕ್ಷಣ ಓಡಿಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿ, ತಲೆಯಾಡಿಸಿ, ನನ್ನ ಭುಜ ತಟ್ಟಿದರು.

“ಬೆಳಿಗ್ಗೆ ಖಾಲಿ ಅಂದೆ. ಸಂಜೆ ತುಂಬಿದೆ ಅಂತೀಯ. ಸಮಾಧಾನ ಮಾಡೋಕೆ ಇನ್ನೊಂದು ನಾಟಕ ಬೇಡಪ್ಪ. ನಂಗೆ ಬೇಜಾರಿಲ್ಲ.”

ನಾನು ಆಣೆ ಇಟ್ಟೆ. ನಿಜವಾದ ದನಿಯಲ್ಲೇ ಇಟ್ಟೆ. ಅವರು ನಂಬಲಿಲ್ಲ. ಹತ್ತು ವರ್ಷ ಹತ್ತು ಜನರ ದನಿಯಲ್ಲಿ ಅವರನ್ನು ಏಮಾರಿಸಿದವನಿಗೆ, ತನ್ನದೇ ದನಿ ಉಪಯೋಗಕ್ಕೆ ಬರಲಿಲ್ಲ.

ಸೋಮವಾರ ಒಂಬತ್ತೂವರೆಗೆ ಅತ್ತೆ ಸ್ವತಃ ಮೆಟ್ಟಿಲಿಳಿದು ಅಂಗಡಿಗೆ ಬಂದರು. ಡಾಕ್ಟರು ಕ್ಲಿನಿಕ್ಕಿಗೆ ತಡವಾಗುತ್ತದೆಂದು ಹೇಳಿ ಬಂದಿದ್ದರು. ಮಿಸ್ಸು ಅರ್ಧ ದಿನ ರಜೆ ಹಾಕಿದ್ದರು. ರಾತ್ರಿಯೇ ನಾನು ಇಬ್ಬರಿಗೂ ಫೋನಿನಲ್ಲಿ ಎಲ್ಲ ಹೇಳಿದ್ದೆ. ಬಾಗಿಲ ಪಕ್ಕದಲ್ಲಿ ಗಿಟಾರಿನ ಪೆಟ್ಟಿಗೆ, ಪ್ಲಗ್ ಕಿತ್ತು ವೈರು ಸುತ್ತಿಟ್ಟ ಹಂಡೆ, ಪ್ರಯಾಣಕ್ಕೆ ತಯಾರಾಗಿ ಕೂತಿದ್ದವು.

“ಬಂದು ಕೂತ್ಕೋ,” ಅತ್ತೆ ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿ ತೋರಿಸಿದರು.

“ಅಮ್ಮ, ಸುಮ್ನೆ ಯಾಕೆ...”

“ಅವನು ನಾಟಕದವನು, ಸರಿ. ನಾನೂ ನಾಟಕದವಳಾ? ಕೂತ್ಕೋ ಅಂದ್ರೆ ಕೂತ್ಕೋಬೇಕು.”

ಐವತ್ತಾರು ವರ್ಷದ ಮಗ ತೆಪ್ಪಗೆ ಹೋಗಿ ಕೂತ. ಅತ್ತೆ ಡಬ್ಬಿಯನ್ನು ತಮ್ಮ ಮಡಿಲಲ್ಲಿಟ್ಟು ಮೇಲೆ ಟವೆಲ್ಲು ಹೊದಿಸಿ, ಎಲ್ಲರಿಗೂ ಬೆನ್ನು ಮಾಡಿ ಕೂತರು. ಹಂಡೆ ಮತ್ತೆ ಕಾಯಿತು. ಮಿಸ್ಸು ಒಂದೇ ಮಟ್ಟನ್ನು ಒಂದೇ ತೂಕದಲ್ಲಿ ಹತ್ತು ಸಲ ಮೀಟುವುದು. ಪ್ರತಿ ಸಲ ಅತ್ತೆ ತಮ್ಮಿಷ್ಟದ ಕಡೆಗೆ ನಾಬ್ ತಿರುಗಿಸಿ ಕ್ಯಾಲೆಂಡರಿನ ಹಾಳೆಯ ಹಿಂದೆ ಗುರುತು ಹಾಕುವುದು. ನಾವು ನಾಲ್ವರೂ ಕನ್ನಡಕದ ಚೀಟಿಯ ಮೇಲೆ ‘ದುಪ್ಪಟಿ’ ಅಥವಾ ‘ತಿಳಿ’ ಎಂದು ಬರೆಯುವುದು. ಸಮ ಆಗಲೆಂದು ಮಿಸ್ಸು ತಾವೂ ಬರೆದರು.

ಹತ್ತು ಸಲ ಹಂಡೆ ಮೊಳಗಿತು. ನಾನು ಉಸಿರು ಬಿಗಿಹಿಡಿದು ಕೇಳಿದೆ. ದೇವರಾಣೆ, ಈಗ ವ್ಯತ್ಯಾಸವಿದೆಯೆಂದು ಗೊತ್ತಿದ್ದೂ, ಹತ್ತೂ ಒಂದೇ ತಾಯಿಯ ಮಕ್ಕಳಂತೆ ಕೇಳಿಸಿದವು. ಭಾವ ಪ್ರತಿ ಸಲವೂ ತಕ್ಷಣ ಬರೆದರು. ಏಳನೆಯದಕ್ಕೆ ಮಾತ್ರ ಪೆನ್ನು ನಿಂತಿತು. ಹುಬ್ಬು ಗಂಟಿಕ್ಕಿ, ಏನೋ ಉದ್ದವಾಗಿ ಗೀಚಿದರು. ಹೋಯಿತು, ಎಡವಿದರು ಅಂದುಕೊಂಡೆ.

ಮಿಸ್ಸು ಚೀಟಿಗಳನ್ನು ಅತ್ತೆಯ ಹಾಳೆಯ ಪಕ್ಕದಲ್ಲಿಟ್ಟು ತಾಳೆ ನೋಡತೊಡಗಿದರು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು, ಗೋಡೆಯ ಮೇಲಿನ ಪಟದ ಅಕ್ಷರಗಳ ಹಾಗೆ.

“ಡಾಕ್ಟ್ರು ಐದು. ನಾನು... ನಾನೂ ಐದು. ನಾಣ್ಯದಷ್ಟೇ. ಇವರು,” ನನ್ನನ್ನು ತೋರಿಸಿ, “ಮೂರು. ನಾಣ್ಯಕ್ಕಿಂತ ಕಡೆ.”

“ಸಾರ್‌ದು?” ಡಾಕ್ಟರು ಕೇಳಿದರು.

“ಒಂಬತ್ತು ಸರಿ. ಏಳನೇದು...” ಮಿಸ್ಸು ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದರು. “ಏಳನೇದಕ್ಕೆ ‘ಎರಡರ ನಡುವೆ’ ಅಂತ ಬರೆದಿದಾರೆ. ಅಮ್ಮ ‘ತಿಳಿ’ ಅಂತ ಗುರುತು ಹಾಕಿದಾರೆ. ತಪ್ಪು.”

ಅತ್ತೆ ನಿಧಾನವಾಗಿ ಈ ಕಡೆ ತಿರುಗಿದರು. ಅವರ ಮುಖ ನೋಡಬೇಕಿತ್ತು.

“ಏಳನೇ ಸಲ ನಂಗೆ ಸೀನು ಬಂತು. ಎಲ್ಲಿ ಗೊತ್ತಾಗಿಬಿಡತ್ತೋ ಅಂತ ತಡ್ಕೊಂಡೆ. ನಾಬ್ ಪೂರ್ತಿ ತಿರುಗಿಸೋಕೆ ಆಗಲಿಲ್ಲ. ಅರ್ಧಕ್ಕೇ ನಿಂತಿತ್ತು.”

ಡಾಕ್ಟರ ಬಾಯಿ ತೆರೆದದ್ದು ತೆರೆದೇ ಇತ್ತು. ಅವರ ಗಿರಾಕಿಗಳು ಕೂಡ ಅಷ್ಟು ಅಗಲ ತೆರೆದಿರಲಾರರು. ಮಿಸ್ಸು ಚೀಟಿಯನ್ನು ಕೆಳಗಿಟ್ಟರು.

“ನಾಣ್ಯ ಅಂದಿದ್ದೆ ನಾನು,” ಅಂದರು ಅವರು. “ಸಾರ್, ನಿನ್ನೆನೇ ನೀವು ಸ್ವಿಚ್ ಏನೂ ಮಾಡ್ತಿಲ್ಲ ಅಂದ್ರಿ. ನಾನು ಅದನ್ನ ಪುಸ್ತಕದಲ್ಲಿ ಬರ್ಕೊಂಡೂ ಇದೀನಿ. ಬರ್ಕೊಂಡೂ ಯೋಚನೆ ಮಾಡಲಿಲ್ಲ. ಖಾಲಿ ಅಂತ ಮೊದಲೇ ತೀರ್ಮಾನ ಮಾಡಿದ್ವಲ್ಲ.”

ಅಕ್ಕ ಕಿವಿಯ ರಿಪೋರ್ಟನ್ನು ಸೆರಗಿನ ಮರೆಯಿಂದ ತೆಗೆದು ಮಿಸ್ಸಿಗೆ ಕೊಟ್ಟಳು. “ಹಾಗಾದ್ರೆ ಇದೇನು ಮಿಸ್? ಇದು ಸುಳ್ಳಾ?”

ಮಿಸ್ಸು ಗೆರೆಯ ಮೇಲೆ ಬೆರಳಾಡಿಸಿದರು. “ಸುಳ್ಳಲ್ಲಕ್ಕ. ಕೊನೇ ಮೆಟ್ಟಿಲಲ್ಲಿ ಬಿದ್ದಿದೆ, ನಿಜ. ಆದ್ರೆ ಅದು ಬರೀ ಕೀರಲು ದನಿಗಳ ಮೆಟ್ಟಿಲು. ಗಿಟಾರ್ ಆಂಪಿನ ಸ್ಪೀಕರ್ ಅಷ್ಟು ಮೇಲಕ್ಕೆ ಹತ್ತೋದೇ ಇಲ್ಲ. ಸಾರ್ ಕಳ್ಕೊಂಡಿರೋದು ಈ ಹಂಡೆ ಯಾವತ್ತೂ ಮಾಡದೇ ಇರೋ ಶಬ್ದಾನ.”

ಭಾವ ಕುರ್ಚಿಯಲ್ಲಿ ಹಾಗೇ ಕೂತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು. ನಾನು ಹೋಗಿ ಅವರ ಮುಂದೆ ನಿಂತು, ಕ್ಷಮೆ ಕೇಳಲು ಬಾಯಿ ತೆರೆದೆ.

“ನೀನು ಮಾತಾಡಬೇಡ,” ಅಂದರು. “ಆ ಯಜಮಾನ್ರನ್ನ ಕರಿ.”

“ಭಾವ...”

“ಕರಿ ಅಂದೆ.”

ಮುದುಕನ ದನಿ ಹೊರಡಿಸಿದೆ. “ಖಕ್. ಹೇಳಿ ಸಾರ್.”

“ಯಜಮಾನ್ರೇ, ನಿಮ್ಮ ಎಂಟನೇ ಪೆಡಲ್ ಬಂದಿದೆ. ಅದನ್ನ ಮಾಡಿದ ಕತ್ತೆಗೆ ತಾನು ಮಾಡಿದ್ದೇನು ಅಂತಾನೇ ಗೊತ್ತಿಲ್ಲ. ಅವನ ಕಿವಿಗ್ಯಾವ ಚಿಕಿತ್ಸೆ?”

“ಮೂರೇ ಮಾರ್ಕು ಬಂದವನಿಗೆ ಚಿಕಿತ್ಸೆ ಇಲ್ಲಪ್ಪ. ಖಕ್. ಕಿವಿಗೆ ಒಳ್ಳೇ ಕನ್ನಡಕ ಹಾಕಿಸಿ.”

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಸಂಗೀತ ಶಾಲೆಯ ವ್ಯಾನು. ಚಾಲಕ ಒಳಗೆ ಬಂದು, “ಆಂಪ್ ಒಯ್ಯಬೇಕಂತೆ, ಯಾವುದು?” ಅಂದ. ಭಾವ ಕುರ್ಚಿಯಿಂದ ಇಳಿದು, ಗಿಟಾರಿನ ಪೆಟ್ಟಿಗೆಯನ್ನು ಬಾಗಿಲ ಬಳಿಯಿಂದ ಒಳಕ್ಕೆ ಸರಿಸಿದರು. ಹಂಡೆಯ ಮುಂದೆ ಬಂದು ನಿಂತರು. ಎದುರು ಮೂಲೆಯಲ್ಲಿ ನನ್ನ ಹೊಚ್ಚಹೊಸ ಟ್ರಾನ್ಸಿಸ್ಟರ್ ಆಂಪ್ ಕೂತಿತ್ತು. ‘ನಿಮ್ಮ ಹಂಡೆಗಿಂತ ಇದರ ಟೋನು ನೂರು ಪಾಲು ಮೇಲು’ ಎಂದು ನಾನು ತಿಂಗಳಿಡೀ ಕೊಚ್ಚಿಕೊಂಡಿದ್ದ ಆಂಪ್. ಭಾವ ಒಮ್ಮೆ ಇದನ್ನು ನೋಡಿದರು, ಒಮ್ಮೆ ಅದನ್ನು. ತುಟಿಯ ತುದಿ ಅದುರಿತು.

“ಇದಾ...” ಅಂದರು, ಗಿರಾಕಿಗೆ ಗಾಜು ಬದಲಿಸುವ ಅದೇ ಧಾಟಿಯಲ್ಲಿ. “ಅದಾ...”

“ಭಾವ, ಬೇಡ! ಭಾವ!”

“ಅದೇ,” ಅಂದು ನನ್ನ ಆಂಪಿನ ಕಡೆ ಕೈ ತೋರಿಸಿದರು. “ಯಾವುದರಲ್ಲಿ ಬಾರಿಸಿದ್ರೂ ಇವನಿಗೆ ಒಂದೇ.”

ಡಾಕ್ಟರು ನಕ್ಕರು, ಮಿಸ್ಸು ನಕ್ಕರು. ಅತ್ತೆ ತಡೆದಿಟ್ಟಿದ್ದ ಸೀನನ್ನು ಈಗ ಸೀನಿದರು. ನನ್ನ ಆಂಪು ಚಾಲಕನ ತೋಳಲ್ಲಿ ಶಟರಿನ ಕೆಳಗೆ ಬಗ್ಗಿ ಹೊರಗೆ ಹೋಗುವುದನ್ನು ನೋಡಿ ಅಕ್ಕನೂ ಸೆರಗು ಬಾಯಿಗಿಟ್ಟಳು. ಆದರೆ ಎಲ್ಲರಿಗಿಂತ ಜೋರು ಭಾವನದೇ. ಬಾಗಿ, ಉಸಿರು ಸಿಕ್ಕಿ, ಕಣ್ಣೊರೆಸಿಕೊಂಡು, ನಗು ತಾಳಲಾರದೆ ಹಂಡೆಯ ನೆತ್ತಿಗೆ ಪಟೀರೆಂದು ಹೊಡೆದರು. ಒಳಗೆ ದನಿ ಗುಂಯ್‌ಗುಡಿಸಲು ಕಟ್ಟಿರುವ ಸ್ಪ್ರಿಂಗುಗಳು ಝಳ್ಳೆಂದು ನಡುಗಿ, ಅವರ ನಗುವನ್ನು ಇನ್ನಷ್ಟು ದೊಡ್ಡದು ಮಾಡಿ ಬೀದಿಯವರೆಗೂ ಕಳಿಸಿದವು.